ಊರಿಗಾಂ ಶಾಲೆಗೆ ಗಣಿತದ ಟೀಚರ್ ಬಂದ ಬಗೆ

ಬಂಗಾರಪೇಟೆಯಲ್ಲಿ ಬೆಳಗಿನ ರೈಲು ಇಳಿದಾಗ ಸಣ್ಣಗೆ ಚಳಿ. ಬೆಂಗಳೂರಿನಿಂದ ನಿಂತುಕೊಂಡೇ ಬಂದಿದ್ದೆ, ಆದರೂ ದಣಿವಿರಲಿಲ್ಲ. ನನ್ನ ತಂಗಿ ನಳಿನಿ ಇಲ್ಲಿನ ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತದ ಟೀಚರ್. ಅವತ್ತು ಅವಳು ಇಲ್ಲೇ ಕುಳಿತು, ಇಂಟರ್‌ನೆಟ್ಟಿನಲ್ಲಿ ಊರಿಗಾಂನ ಸರ್ಕಾರಿ ಶಾಲೆಯ ಏಳನೇ ಕ್ಲಾಸಿಗೆ ಪಾಠ ಮಾಡುವವಳಿದ್ದಳು. ಆ ಶಾಲೆಯಲ್ಲಿ ಗಣಿತ ಹೇಳುವವರಿಲ್ಲದೆ ವರ್ಷವಾಗಿತ್ತು. ಮಕ್ಕಳ ಪಕ್ಕದಲ್ಲೇ ಕೂತು ನೋಡಬೇಕೆಂದು ನಾನು ಹಟ ಹಿಡಿದು ಹೊರಟಿದ್ದೆ.

ಮನೆಯಲ್ಲಿ ತಟ್ಟೆಗೆ ಇಡ್ಲಿ ಹಾಕುತ್ತಾ ನಳಿನಿ ಹೇಳಿದಳು: "ಅಕ್ಕಾ, ಎರಡು ಶನಿವಾರ ಲೈನೇ ಸಿಗ್ಲಿಲ್ಲ. ಇವತ್ತೂ ಸಿಗ್ಲಿಲ್ಲಾಂದ್ರೆ ನನ್ನ ಪೀರಿಯಡ್ಡು ಬೇರೆ ಸ್ಕೂಲಿಗೆ ಹೋಗುತ್ತೆ. ಈ ಮಕ್ಕಳಿಗೆ ಮತ್ತೆ ಯಾರೂ ಇಲ್ಲ."

ಮಾರಿಕುಪ್ಪಂ ರೈಲು ಹತ್ತಿದೆ. ರಾಗಿ ಹೊಲ ಮುಗಿದು, ಮುಚ್ಚಿಹೋದ ಚಿನ್ನದ ಗಣಿಯ ಬೂದು ಮಣ್ಣಿನ ದಿಬ್ಬಗಳು ಶುರುವಾಗುವಷ್ಟರಲ್ಲಿ ಊರಿಗಾಂ ಬಂತು. ಆಟೋದವರು ತಮಿಳಿನಲ್ಲಿ ಎಲ್ಲಿಗೆ ಎಂದರು, ನಾನು ಕನ್ನಡದಲ್ಲಿ ಹೇಳಿದೆ, ಚೌಕಾಸಿ ತೆಲುಗಿನಲ್ಲಿ ನಡೆದು ಐವತ್ತು ರೂಪಾಯಿಗೆ ಇತ್ಯರ್ಥವಾಯಿತು.

ಶಾಲೆಯಲ್ಲಿ ಮಕ್ಕಳು ಟೀವಿಯ ಮುಂದೆ ಸಾಲಾಗಿ ಕೂತಿದ್ದರು. ಪರದೆಯ ಮೇಲೆ ಚಕ್ರ ಸುತ್ತುತ್ತಲೇ ಇತ್ತು. ಹೆಡ್‌ಮೇಡಂ ಸರೋಜಮ್ಮನವರ ಮುಖ ಸಪ್ಪಗಾಗಿತ್ತು. ನಳಿನಿ ಫೋನ್ ಮಾಡಿ, "ಇನ್ನು ಹತ್ತು ನಿಮಿಷ ನೋಡ್ತೀನಿ ಅಕ್ಕಾ" ಎಂದಳು. ನನಗೋ ತಡೆದುಕೊಳ್ಳುವ ಜಾಯಮಾನವೇ ಇಲ್ಲ.

"ಮೇಡಂ, ವೈಫೈ ಡಬ್ಬಿ ಎಲ್ಲಿದೆ?" ಎಂದೆ.

"ಭದ್ರವಾಗಿದೆ ಬನ್ನಿ" ಎಂದು ಆಫೀಸ್ ರೂಮಿಗೆ ಕರೆದೊಯ್ದು, ಸೊಂಟದ ಬೀಗದ ಕೈಯಿಂದ ಕಬ್ಬಿಣದ ಬೀರು ತೆಗೆದರು. ಒಳಗೆ ಗ್ಲೋಬು, ಹಾರ್ಮೋನಿಯಂ, ಅವುಗಳ ನಡುವೆ ಮಿಣಮಿಣ ಎನ್ನುವ ಡಬ್ಬಿ! ವೈರಿಗೆಂದು ಬೀರುವಿನ ಬೆನ್ನಿಗೆ ತೂತು ಕೊರೆಸಿದ್ದರು. ನನಗೆ ನಗು ತಡೆಯಲಾಗಲಿಲ್ಲ.

"ನಗಬೇಡಿ. ಸರ್ಕಾರಿ ವಸ್ತು, ಹೋದ್ರೆ ನನ್ನ ತಲೆಗೇ ಬರುತ್ತೆ" ಎಂದರು.

ಅಡುಗೆಯ ಸೆಲ್ವಿಯಮ್ಮ ಬಾಗಿಲಿನಿಂದಲೇ ಹೇಳಿದರು: "ಸ್ಕೂಲಿನ ಇತ್ತಾಳೆ ಗಂಟೆ ಕಳ್ಳರು ಎತ್ಕಂಡು ಓದಾಗಿಂದ ನಮ್ ಮೇಡಂ ಸಾರಿನ ಸೌಟೂ ಒಳಗಾಕ್ತಾರಮ್ಮಾ."

"ಕಬ್ಬಿಣದೊಳಗೆ ಕೂಡಿಹಾಕಿದರೆ ಸಿಗ್ನಲ್ ಹೊರಗೆ ಬರುವುದಾದರೂ ಹೇಗೆ ಮೇಡಂ?" ಎಂದೆ.

ಸರೋಜಮ್ಮ ಡಬ್ಬಿಯನ್ನೂ ಕ್ಲಾಸ್ ರೂಮನ್ನೂ ನೋಡಿದರು. ಕೈ ಮುಂದೆ ಬರಲಿಲ್ಲ.

"ತೆಗೀರಿ ಮ್ಮಾ. ಗಣಿ ಕೆಲಸದೋರ ಲೈನ್ ಮನೆಯೋರೆಲ್ಲ ಇಲ್ಲೇ ಇದೀವಿ, ನೋಡ್ಕಂತೀವಿ" ಎಂದರು ಸೆಲ್ವಿಯಮ್ಮ.

ಮೇಡಂ ಡಬ್ಬಿಯನ್ನು ಹಸುಗೂಸಿನಂತೆ ಎರಡೂ ಕೈಯಲ್ಲಿ ಎತ್ತಿ, ಉದ್ದ ವೈರು ಎಳೆದುಕೊಂಡು ಕ್ಲಾಸ್ ರೂಮಿನ ಕಿಟಕಿಯ ಮೇಲಿಟ್ಟರು. ಚಕ್ರ ನಿಂತಿತು. ನಳಿನಿ ಪ್ರತ್ಯಕ್ಷಳಾದಳು. ಮಕ್ಕಳು ಕಿರುಚಿದ ಸದ್ದಿಗೆ ಹೊರಗಿನ ಪಾರಿವಾಳಗಳು ಹಾರಿದವು. ನಾನೂ ಕಿರುಚಿದೆ, ಸುಳ್ಳೇಕೆ ಹೇಳಲಿ.

ಪಾಠ ಋಣ ಸಂಖ್ಯೆಗಳದ್ದು. ನೆಲವನ್ನು ಸೊನ್ನೆ ಎಂದುಕೊಳ್ಳಿ, ಅದರ ಕೆಳಗಿನದೆಲ್ಲ ಮೈನಸ್ ಎಂದಳು ನಳಿನಿ. ಮುಂದಿನ ಸಾಲಿನ ಹುಡುಗಿ ಎದ್ದಳು: "ಮಿಸ್, ನಮ್ ತಾತ ಗಣೀಲಿ ಕೆಲಸ ಮಾಡ್ತಿದ್ದದ್ದು ಮೈನಸ್ಸಲ್ಲಾ?"

"ಹೌದಮ್ಮಾ. ಮೇಲೆ ಬಂದ್ರೆ ಪ್ಲಸ್ ಮಾಡ್ಕೋಬೇಕು."

ಸಮಯ ಮುಗಿಯುತ್ತಾ ಬಂತು. "ಯಾರಿಗೆ ಅರ್ಥ ಆಗ್ಲಿಲ್ಲ? ಹೆದರಬೇಡಿ, ಕೈ ಎತ್ತಿ" ಎಂದಳು ನಳಿನಿ. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಂದು ಕೈ ಎದ್ದಿತು, ಆಮೇಲೆ ಎಲ್ಲ ಕೈಗಳೂ. ವರ್ಷವಿಡೀ ಹಾಗೆ ಕೇಳುವವರೇ ಇರಲಿಲ್ಲವಲ್ಲ ಎನಿಸಿತು. ತಿರುಗಿ ನೋಡಿದರೆ, ಹಿಂದೆ ನಿಂತಿದ್ದ ಸರೋಜಮ್ಮನವರ ಕೈಯೂ ಮೇಲಿತ್ತು.

"ಸರಿ, ಬರೋ ಶನಿವಾರ ಇಲ್ಲಿಂದಲೇ ಶುರು ಮಾಡೋಣ" ಎಂದಳು ನನ್ನ ತಂಗಿ.