ಬೆಲ್ಲ ತಿಂದು ನೀರು ಬಿಟ್ಟವನು

ನನ್ನ ಮುಂದಿನ ಹಲ್ಲು ಮುರಿದದ್ದು ಉಳ್ಳಾಲದ ಒಂದು ಮನೆಯ ಬಾವಿಕಟ್ಟೆಯ ಬಳಿ. ಮುರಿದವನು ಆ ಮನೆಯ ಯಜಮಾನ, ಮೀನು ಹಿಡಿಯುವ ಬೋಟಿನವನು. ನಾನು ನೀರು ಪರೀಕ್ಷೆ ಮಾಡಿ ಹೊಟ್ಟೆ ಹೊರೆಯುವವನು.

ಆತನ ಹೆಂಡತಿಗೆ ಕಿಡ್ನಿ ಕಸಿಯಾಗಿತ್ತು. ಮನೆಯ ನೀರು ಪರೀಕ್ಷೆ ಮಾಡಿಸಿ ಎಂದು ವೈದ್ಯರು ಹೇಳಿದ್ದರಿಂದ ನಾನು ಮೊದಲ ಸಲ ಹೋಗಿದ್ದೆ. ಒಂದು ಬಾಟಲಿ ನೀರು ತಂದು, ಬ್ಯಾಕ್ಟೀರಿಯಾ ಇಲ್ಲವೆಂದು ಕಂಡು, 'ಕುಡಿಯಲು ಯೋಗ್ಯ' ಎಂದು ಬರೆದು ಸಹಿ ಹಾಕಿದೆ. ಅದನ್ನು ನಂಬಿ ಅವರು ಆಕೆಗೆ ನೀರು ಕುದಿಸಿ ಕೊಡುವುದನ್ನೇ ಬಿಟ್ಟರು.

ಎರಡು ತಿಂಗಳಲ್ಲಿ ಆಕೆಗೆ ನಿಲ್ಲದ ಭೇದಿ. ಮಲದಲ್ಲಿ ಸಿಕ್ಕಿದ್ದು ಕರುಳಿನ ಪರಾವಲಂಬಿ, ಬ್ಲೀಚಿಂಗ್ ಪೌಡರಿಗೂ ಜಗ್ಗದ, ಕುದಿಸಿದರೆ ಮಾತ್ರ ಸಾಯುವ ಜಾತಿಯದು. ಅದನ್ನು ನೀರಿನಲ್ಲಿ ಹಿಡಿಯಬೇಕಾದರೆ ಕ್ಯಾನ್‌ಗಟ್ಟಲೆ ನೀರು ಸೋಸಿ, ಉಳಿದದ್ದಕ್ಕೆ ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ಹುಡುಕಬೇಕು. ಮೊದಲ ಸಲ ನಾನು ಅದನ್ನು ಮಾಡಿರಲಿಲ್ಲ. ಯಾರೂ ಕೇಳಿರಲೂ ಇಲ್ಲ.

ಈ ಸಲ ಅದಕ್ಕೆಂದೇ ಕ್ಯಾನ್ ಹಿಡಿದು ಮತ್ತೆ ಅಂಗಳಕ್ಕೆ ಕಾಲಿಟ್ಟಾಗ ಆತ ನನ್ನ ವರದಿಯನ್ನು ಮುಖಕ್ಕೆ ಹಿಡಿದ.

"ಎಂತ ಬರ್ದದ್ದು ನೀನು? ಓದು ಮಾರಾಯ, ಜೋರಾಗಿ ಓದು!"

"ಅವತ್ತಿನ ಪರೀಕ್ಷೆಯೇ ಬೇರೆ..." ಎನ್ನುವಷ್ಟರಲ್ಲಿ ಮುಷ್ಟಿ ಬಿತ್ತು. ಬಾಯಿ ತುಂಬ ರಕ್ತ. ನಾನೂ ಸುಮ್ಮನಿರುವ ಪೈಕಿ ಅಲ್ಲ. ಕೊರಳಪಟ್ಟಿ ಹಿಡಿದು ಆತನನ್ನು ಬಾವಿಕಟ್ಟೆಗೆ ಬಡಿದೆ. ಆತ ಕೊಡಪಾನ ಎತ್ತಿ ನನ್ನ ಭುಜಕ್ಕೆ ಅಪ್ಪಳಿಸಿದ. ಕ್ಯಾನನ್ನು ತುಳಿದು ಒಡೆದ. ಇನ್ನೊಂದು ಏಟಿಗೆ ನಮ್ಮಿಬ್ಬರಲ್ಲೊಬ್ಬ ಬಾವಿಯೊಳಗಿರುತ್ತಿದ್ದ.

"ಸಾಕು, ಬಿಡಿ!"

ಆಕೆ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. ಎಲುಬಿನ ಮೇಲೆ ಸೀರೆ ಸುತ್ತಿದಂತಿದ್ದರು. ನನ್ನನ್ನೇ ನೋಡಿ ಹೇಳಿದರು:

"ಅವತ್ತು ಮೊದಲ ಸಲ ಬಂದಾಗ ಬೆಲ್ಲ, ನೀರು ಕೊಟ್ಟಿದ್ದೆ. ನೀವು ಬೆಲ್ಲ ಮಾತ್ರ ತಿಂದದ್ದು. ನೀರು ತುಟಿಗೆ ತಾಗಿಸಿ ಇಟ್ರಿ. ನೀವು ಗದ್ದೆ, ಗುತ್ತು ಇದ್ದ ದೊಡ್ಡ ಜಮೀನ್ದಾರರ ಮನೆಯವರು, ಮೀನಿನವರ ಮನೆಯ ನೀರು ನಿಮಗೆ ಆಗುದಿಲ್ಲ ಅಂತ ಗ್ರಹಿಸಿದೆ."

ಅವಮಾನದಿಂದ ಮೈ ಉರಿಯಿತು. "ಜಾತಿ ಅಲ್ಲ ಅಕ್ಕ. ಕುದಿಸದ ಬಾವಿ ನೀರು ನಾನು ಯಾರ ಮನೆಯಲ್ಲೂ ಕುಡಿಯುದಿಲ್ಲ."

ಹೇಳಿದ ಮೇಲೆ ಆ ಮಾತು ನನ್ನ ಕಿವಿಗೂ ಬಿತ್ತು. ಆತ ಕೊಡಪಾನ ಕೆಳಗಿಟ್ಟ.

"ಅದನ್ನು ಅವತ್ತೇ ಹೇಳ್ಲಿಕ್ಕೆ ಎಂತ ಆಗಿತ್ತು ನಿಮಗೆ? ನಾವೂ ಕುದಿಸುದು ಬಿಡ್ತಿರ್ಲಿಲ್ಲ," ಎಂದರು ಆಕೆ.

ಇದಕ್ಕಿಂತ ಆತ ಇನ್ನೂ ನಾಲ್ಕು ಹೊಡೆದಿದ್ದರೆ ವಾಸಿಯಿತ್ತು. ಬೇರೆ ಕ್ಯಾನ್ ತಂದಾಗ ನೀರು ಸೇದಿ ತುಂಬಿಸಿಕೊಟ್ಟವನೂ ಆತನೇ.

ನೀರು ಸೋಸಿ ಉಳಿದದ್ದರಲ್ಲಿ ಆ ಪರಾವಲಂಬಿ ಸಿಕ್ಕಿತು. ಆಕೆಯ ಜೀವ ಉಳಿಯಿತು, ಕಸಿ ಮಾಡಿದ ಕಿಡ್ನಿ ಉಳಿಯಲಿಲ್ಲ.

ಈಗ ಯಾರ ಮನೆಗೆ ಹೋದರೂ ಬೆಲ್ಲ ಮುಟ್ಟುವ ಮೊದಲೇ ಹೇಳುತ್ತೇನೆ: ಕುದಿಸದೆ ನಾನು ಕುಡಿಯುವುದಿಲ್ಲ, ನೀವೂ ಕುಡಿಯಬೇಡಿ. ಅಹಂಕಾರಿ ಎಂದು ಬೈದವರಿದ್ದಾರೆ. ಬೈಯಲಿ.