ಸೀಟು ಸರಿಸದ ಸಾರಥಿ

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಆಸ್ಪತ್ರೆಯ ತುರ್ತು ವಿಭಾಗದ ಪೋರ್ಚಿಗೆ ಬೂದು ಬಣ್ಣದ ಕಾರೊಂದು ನುಗ್ಗಿ, ಅಡ್ಡಾದಿಡ್ಡಿ ನಿಲ್ಲುತ್ತದೆ. ಹಿಂದಿನ ಸೀಟಿನಲ್ಲಿದ್ದ ಮುದುಕರನ್ನು ಸ್ಟ್ರೆಚರ್ ಮೇಲೆ ಮಲಗಿಸಿಕೊಂಡು ವಾರ್ಡಿನವರು ಓಡುತ್ತಾರೆ, ಅವರ ಬೆನ್ನಿಗೇ ಮಗ ಓಡುತ್ತಾನೆ. ಕಾರಿನ ಬಾಗಿಲು ತೆರೆದೇ ಇದೆ. ಎಂಜಿನ್ ಗುರುಗುಟ್ಟುತ್ತಿದೆ. ಗಾಬರಿಯಲ್ಲಿ ಯಾವ ಗುಂಡಿ ಒತ್ತಿದನೋ, ವೈಪರುಗಳು ಒಣ ಗಾಜನ್ನು ಒಂದೇ ಸಮನೆ ಉಜ್ಜುತ್ತಿವೆ. ಅಷ್ಟರಲ್ಲಿ ಗೇಟಿನ ಬಳಿ ಆಂಬುಲೆನ್ಸ್ ಬಂದು ಹಾರ್ನ್ ಒತ್ತತೊಡಗುತ್ತದೆ.

ಕಂಬಕ್ಕೊರಗಿ ನಿಂತಿದ್ದ, ಮೊಣಕೈಯಲ್ಲಿ ಹರಿದ ಸ್ವೆಟರಿನ ಸಣ್ಣ ಆಳೊಬ್ಬರು ಅಲ್ಲಿಂದ ಕದಲುತ್ತಾರೆ. ಕಾರು ತೆಗೆಯುವುದೇ ಅವರ ಕೆಲಸ. ಆದರೆ ಅವರು ಹೋಗುವುದು ಕಾರಿನ ಕಡೆಗಲ್ಲ, ಮಗನ ಹಿಂದೆ. ಒಳಗೆ ಅವನ ತೋಳು ಮೆಲ್ಲಗೆ ಮುಟ್ಟಿ, "ಅಪ್ಪಾ, ನಿಮ್ಮ ಕಾರು ನಾನು ಓಡಿಸಿ ಆಕಡೆ ನಿಲ್ಲಿಸ್ಲಾ?" ಎಂದು ಕೇಳುತ್ತಾರೆ. ಮಗ ಅವರನ್ನು ಗೋಡೆಯನ್ನು ನೋಡುವಂತೆ ನೋಡುತ್ತಾನೆ. ಅವರು ಅದನ್ನೇ ಇನ್ನೊಮ್ಮೆ, ಅದೇ ದನಿಯಲ್ಲಿ ಕೇಳುತ್ತಾರೆ. ಹೊರಗೆ ಗೇಟಿನ ಕಾವಲುಗಾರ, ಇಲ್ಲಿ ಜೀವ ಹೋಗುತ್ತಿದ್ದರೆ ಈ ಮಹಾರಾಯರಿಗೆ ಅಪ್ಪಣೆ ಬೇಕಂತೆ ಎಂದು ಊರಿಗೆಲ್ಲ ಕೇಳುವಂತೆ ಗೊಣಗುತ್ತಾನೆ. ಕೊನೆಗೆ ಮಗನ ಬಾಯಿಂದ "ಹ್ಞೂಂ, ತೆಗೀರಿ" ಎಂಬ ಮಾತು ಬೀಳುತ್ತದೆ. ಬಿದ್ದದ್ದೇ ತಡ, ಅಷ್ಟು ಹೊತ್ತು ಕಲ್ಲಿನಂತೆ ನಿಂತಿದ್ದವರು ಓಡತೊಡಗುತ್ತಾರೆ.

ಕಾರಿನ ಹತ್ತಿರ ಹೋದ ಮೇಲೂ ಒಂದು ಶಾಸ್ತ್ರವಿದೆ. ತೆರೆದ ಬಾಗಿಲ ಬಳಿ ಮೊಣಕಾಲೂರಿ, ಪೆಡಲುಗಳ ಕೆಳಗೆ ಕೈಯಾಡಿಸುತ್ತಾರೆ. ದೂರದಿಂದ ನೋಡಿದರೆ ಕಾರಿನ ಕಾಲಿಗೆ ಬಿದ್ದಂತೆ ಕಾಣುತ್ತದೆ. ಹೊಸದಾಗಿ ಬಂದ ನರ್ಸುಗಳು ನಕ್ಕು, ಹಳಬರಾಗುವಷ್ಟರಲ್ಲಿ ನಗುವುದನ್ನು ಬಿಡುತ್ತಾರೆ. ಆಮೇಲೆ ಕಂಕುಳಲ್ಲಿರುವ ಪುಟ್ಟ ದಿಂಬನ್ನು ಬೆನ್ನಿಗೆ ಕೊಟ್ಟು ಕೂರುತ್ತಾರೆ. ಸೀಟನ್ನು ಹಿಂದೆ ಮುಂದೆ ಸರಿಸುವುದಿಲ್ಲ. ಕನ್ನಡಿಯನ್ನೂ ಮುಟ್ಟುವುದಿಲ್ಲ, ಕಿಟಕಿಯಿಂದ ಕತ್ತು ಚಾಚಿ ಹಿಂದೆ ನೋಡಿಕೊಳ್ಳುತ್ತಾರೆ. ಕಾರು ಹಿಂದಿನ ಅಂಗಳದಲ್ಲಿ ನೆಟ್ಟಗೆ ನಿಲ್ಲುತ್ತದೆ, ಆಂಬುಲೆನ್ಸ್ ಪೋರ್ಚಿಗೆ ಬರುತ್ತದೆ.

ಆಸ್ಪತ್ರೆಯಲ್ಲಿ ಎಲ್ಲರೂ ಅವರನ್ನು ಕರೆಯುವುದು ಸಾರಥಿ ಎಂದು. ರಥ ಬೇರೆಯವರದು, ಯುದ್ಧವೂ ಬೇರೆಯವರದೇ. ಪ್ರಯಾಣ ಪೋರ್ಚಿನಿಂದ ಅಂಗಳದವರೆಗೆ. "ಊರಲ್ಲಿರೋ ಎಲ್ಲಾ ಥರದ ಕಾರು ಓಡ್ಸಿದೀನಿ, ಒಂದ್ರಲ್ಲೂ ಮೂರನೇ ಗೇರು ಹಾಕಿಲ್ಲ" ಎನ್ನುತ್ತಾರೆ ಸಾರಥಿ. ಇದು ಅವರ ಏಕೈಕ ಹಾಸ್ಯ, ಎಲ್ಲರಿಗೂ ಹೇಳುತ್ತಾರೆ. ದಿನಕ್ಕೆ ಎಷ್ಟು ಕಾರು ಎಂದರೆ ತಲೆ ಕೆರೆದುಕೊಳ್ಳುತ್ತಾರೆ. ಚಳಿಗಾಲದಲ್ಲಿ ಎದೆನೋವಿನವರು ಜಾಸ್ತಿ, ಶಾಲೆಗೆ ರಜೆ ಬಂದರೆ ಕೈಕಾಲು ಮುರಿದುಕೊಂಡವರು. ಅವರ ಲೆಕ್ಕ ಇಷ್ಟೇ.

ಮೊದಲು ಅವರು ಬೇಕರಿಯೊಂದರ ವ್ಯಾನು ಓಡಿಸುತ್ತಿದ್ದರು. ಬೇಕರಿ ಮುಚ್ಚಿದ ಮೇಲೆ ಇಲ್ಲಿಗೆ ಬಂದರು. ಬ್ರೆಡ್ಡಿನ ವಾಸನೆಯಿಂದ ಡೆಟ್ಟಾಲಿನ ವಾಸನೆಗೆ ಮೂಗು ಹೊಂದಿಕೊಳ್ಳಲು ಸಮಯ ಹಿಡಿಯಿತಂತೆ. ಮನೆಯಲ್ಲಿ ಹೆಂಡತಿಯ ದೂರು ಬೇರೆ: ಊರವರ ಕಾರೆಲ್ಲ ಓಡಿಸುತ್ತಾರೆ, ನನ್ನನ್ನು ಮಾತ್ರ ಬಸ್ಸು ಹತ್ತಿಸುತ್ತಾರೆ.

"ಕಾರು ಅಂದ್ರೆ ಮನೇಲಿ ಒಂದು ಕೋಣೆ ಇದ್ದ ಹಾಗೆ. ಗುಡಿಸ್ದೆ, ಬೀಗ ಹಾಕ್ದೆ ಎದ್ದು ಓಡಿ ಬಂದಿರ್ತಾರೆ. ನಾವು ಒಳಗೆ ಕಾಲಿಡೋದು ಅಂಥ ಹೊತ್ತಲ್ಲಿ" ಎನ್ನುತ್ತಾರೆ. ಮಗುವಿನ ಒಂಟಿ ಕಾಲುಚೀಲ, ಅರ್ಧ ತಿಂದ ಬಿಸ್ಕತ್ತು, ಒಗೆಯಲು ಕೊಡಬೇಕಿದ್ದ ಕೋಟು. ಅವರು ಯಾವುದನ್ನೂ ಎತ್ತಿಡುವುದಿಲ್ಲ.

ಹುಟ್ಟಿನಿಂದಲೇ ಇಷ್ಟು ನೇಮನಿಷ್ಠೆಯವರೇನೂ ಅಲ್ಲ. ಕೆಲವು ವರ್ಷಗಳ ಹಿಂದೆ ಇಂಥದೇ ಬೆಳಗಿನಲ್ಲಿ ಒಬ್ಬ ಹೆಂಗಸು ಗಂಡನನ್ನು ಕರೆತಂದರು. ಕಾರು ಆಕೆಯ ಹೆಸರಿನಲ್ಲಿತ್ತು, ಆದರೆ ಓಡಿಸುತ್ತಿದ್ದದ್ದು ಯಾವಾಗಲೂ ಗಂಡ. ಅಂದು ಆತನಿಗೆ ಎದೆ ಹಿಡಿದಿದ್ದರಿಂದ, ಆ ಉದ್ದ ಕಾಲಿನವರ ಸೀಟಿನ ತುದಿಯಲ್ಲಿ ಕೂತು, ತುದಿಗಾಲಲ್ಲಿ ಪೆಡಲು ಒತ್ತುತ್ತ ಆಕೆಯೇ ತಂದಿದ್ದರು. ಕೀಲಿಯನ್ನು ಕಾರಿನಲ್ಲೇ ಬಿಟ್ಟು ಒಳಗೆ ಓಡಿದರು. ಸಾರಥಿ ಎಂದಿನಂತೆ ಹತ್ತಿ ಕೂತರು. ಕಾಲು ಎಟುಕಲಿಲ್ಲ. ಸೀಟನ್ನು ಮುಂದಕ್ಕೆಳೆದರು. ಸೀಟಿನಡಿ ಸಿಕ್ಕಿಕೊಂಡಿದ್ದ ನೀರಿನ ಬಾಟಲಿ ಸಡಿಲಾಗಿ, ಉರುಳಿ, ಬ್ರೇಕಿನ ಕೆಳಗೆ ಹೋಗಿ ಕೂತಿತು. ತಿರುವಿನಲ್ಲಿ ಬ್ರೇಕು ಒತ್ತಿದರೆ ಬ್ರೇಕು ಇಳಿಯಲಿಲ್ಲ. ಎದುರಿಗೆ ಲಾಂಡ್ರಿಯ ಅಕ್ಕ ಮಾಸಿದ ಹೊದಿಕೆಗಳ ಗಾಡಿ ತಳ್ಳಿಕೊಂಡು ಬರುತ್ತಿದ್ದರು. ಗಾಡಿ ಮಗುಚಿತು, ಅಕ್ಕನ ಕಾಲು ಮುರಿಯಿತು, ಕಾರಿನ ಮೂತಿ ಗೋಡೆಗೆ ಹೋಗಿ ನಿಂತಿತು. ಅದೇ ಹೊತ್ತಿಗೆ ಒಳಗೆ ಆ ಹೆಂಗಸಿನ ಗಂಡ ತೀರಿಕೊಂಡರು.

ಬೇರೆಯವರ ಗಾಡಿ ಓಡಿಸಲು ಲೈಸೆನ್ಸ್ ಒಂದಿದ್ದರೆ ಸಾಕು ಎಂದೇ ಸಾರಥಿ ನಂಬಿದ್ದರು. ನಮ್ಮಲ್ಲಿ ಮುಕ್ಕಾಲು ಮಂದಿ ನಂಬಿರುವುದೂ ಅದನ್ನೇ. ಹಾನಿ ಅಳೆಯಲು ಬಂದ ವಿಮೆಯವರು ಬಿಡಿಸಿ ಹೇಳಿದರು. ಈ ಪಾಲಿಸಿ ಇರುವುದು ಗಾಡಿಯ ಮೇಲೆ. ಚಕ್ರ ಹಿಡಿದವರು ಯಾರೇ ಆಗಲಿ, ಲೈಸೆನ್ಸ್ ಸರಿಯಾಗಿದ್ದು, ಗಾಡಿಯವರ ಒಪ್ಪಿಗೆ ಇದ್ದರೆ ಕಾರಿನ ರಿಪೇರಿಗೂ ಬರುತ್ತದೆ, ಕಾಲು ಮುರಿದವರಿಗೂ ಬರುತ್ತದೆ. ಒಪ್ಪಿಗೆ ಇಲ್ಲದೆ ಹತ್ತಿದವನಿಗೂ ಕದ್ದವನಿಗೂ ಕಾಗದದ ಮೇಲೆ ಹೆಚ್ಚು ವ್ಯತ್ಯಾಸವಿಲ್ಲ. ಆಗ ಕಂಪನಿ ಕೈತೊಳೆದುಕೊಳ್ಳಬಹುದು. ಅಂದರೆ ಅಕ್ಕನ ಕಾಲು ಸಾರಥಿಯ ತಲೆಗೆ ಬರುತ್ತದೆ. ಆ ತಲೆಯ ಮೇಲೆ ಆಗಲೂ ಸ್ವಂತ ಸೂರಿರಲಿಲ್ಲ.

ಆಸ್ಪತ್ರೆಯ ಮ್ಯಾನೇಜರು ಅವರನ್ನು ಮೂಲೆಗೆ ಕರೆದು, ಕೇಳಿದ್ದೆ ಅಂದುಬಿಡು, ಒಂದು ಮಾತಿನಲ್ಲಿ ಮುಗಿಯುತ್ತದೆ ಎಂದು ಉಪದೇಶ ಮಾಡಿದ್ದರು. ಗಂಡನನ್ನು ಕಳೆದುಕೊಂಡವರಿಗೆ ಆ ಹೊತ್ತಿನಲ್ಲಿ ಯಾರು ಏನು ಕೇಳಿದರೆಂದು ನೆನಪಿರುತ್ತದೆಯೇ ಎಂಬುದು ಅವರ ತರ್ಕ. ತರ್ಕವೇನೋ ಸರಿಯಾಗಿಯೇ ಇತ್ತು. ಸಾರಥಿಗೆ ಅದು ಹಿಡಿಸದೆ ಹೋದದ್ದೂ ಅದೇ ಕಾರಣಕ್ಕೆ.

"ನೆನಪಿಲ್ದೇ ಇರೋವ್ರ ಬಾಯಲ್ಲಿ ನಾನು ಮಾತು ಇಡೋದಾ?" ಎನ್ನುತ್ತಾರೆ ಅವರು ಈಗ. "ವಿಮೆಯವರಿಗೆ ಹೇಳ್ದೆ, ಕೇಳಿಲ್ಲ ಸಾರ್, ಬಾಗ್ಲು ತೆಗೆದಿತ್ತು, ಕೂತೆ ಅಂತ. ಅವರ ಪೆನ್ನು ಹಾಗೇ ನಿಂತ್ಬಿಡ್ತು."

ಉಳಿದದ್ದು ಆಕೆಯ ಮಾತು ಮಾತ್ರ. ಕೆಲವು ವಾರಗಳ ಮೇಲೆ ಕಾರು ಒಯ್ಯಲು, ಗಂಡನ ಕಾಗದಪತ್ರ ಪಡೆಯಲು ಆಕೆ ಬಂದರು. ಮ್ಯಾನೇಜರ ಕೋಣೆಯಲ್ಲಿ ವಿಮೆಯವರು, ಗೋಡೆಗಂಟಿ ಸಾರಥಿ, ಊರುಗೋಲಿನೊಂದಿಗೆ ಲಾಂಡ್ರಿಯ ಅಕ್ಕ. ಈ ಮನುಷ್ಯನಿಗೆ ಕಾರು ಓಡಿಸಲು ನೀವು ಒಪ್ಪಿಗೆ ಕೊಟ್ಟಿದ್ದಿರಾ ಎಂದು ವಿಮೆಯವರು ಕೇಳಿದರು. ಆಕೆ ಅಕ್ಕನ ಊರುಗೋಲನ್ನು ನೋಡಿದರು. ಆಮೇಲೆ ಅಂದದ್ದು ಅಕ್ಕನಿಗೆ ಇಂದಿಗೂ ಬಾಯಿಪಾಠ: "ನನ್ನ ಯಜಮಾನರನ್ನೇ ಗುರ್ತಿಲ್ಲದವರ ಕೈಗೆ ಕೊಟ್ಟು ನಿಂತಿದ್ದೆ. ಆಗ್ಲೂ ನನ್ನನ್ನ ಯಾರೂ ಕೇಳ್ಲಿಲ್ಲ, ನಾನೂ ಬೇಡ ಅನ್ಲಿಲ್ಲ. ಕೀಲಿ ಕಾರಲ್ಲೇ ಬಿಟ್ಟಿದ್ದು ಯಾರಾದ್ರೂ ತೆಗೀಲಿ ಅಂತ್ಲೇ. ಅದೇ ಒಪ್ಪಿಗೆ. ಹಾಗೇ ಬರ್ಕೊಳ್ಳಿ."

ವಿಮೆಯವರು ಹಾಗೆಯೇ ಬರೆದುಕೊಂಡರು. ಕಂಪನಿ ಒಪ್ಪಿತು. ಅಕ್ಕನ ಕಾಲಿಗೆ ಬರಬೇಕಾದದ್ದು ಬಂತು. ಕಾಲು ಮಾತ್ರ ಮೊದಲಿನಂತಾಗಲಿಲ್ಲ. ಈಗಲೂ ಅಕ್ಕ ಒಂದು ಪಕ್ಕಕ್ಕೆ ವಾಲಿಕೊಂಡೇ ಗಾಡಿ ತಳ್ಳುತ್ತಾರೆ. ಪೋರ್ಚು ದಾಟುವಾಗ, "ಏನಯ್ಯಾ ಸಾರಥಿ, ನಾನು ಬರ್ತಿದೀನಿ, ಊರಿಗೆಲ್ಲ ಹೇಳ್ಬಿಡು" ಎಂದು ಕೆಣಕದೆ ಹೋಗುವುದಿಲ್ಲ. ಸಾರಥಿಯ ಬೆನ್ನಿನ ದಿಂಬು ಹಳೆಯ ವಾರ್ಡಿನ ಹೊದಿಕೆಯಿಂದ ಹೊಲಿದದ್ದು. ಹೊಲಿದುಕೊಟ್ಟವರು ಅಕ್ಕನೇ.

ಕತೆ ಇಲ್ಲಿಗೇ ಮುಗಿದಿದ್ದರೆ ದಿಂಬಿನ ಅಗತ್ಯವಿರುತ್ತಿರಲಿಲ್ಲ. ಅಂದು ಮ್ಯಾನೇಜರ ಕೋಣೆಯಿಂದ ಆಕೆಯನ್ನು ಅಂಗಳಕ್ಕೆ ಕರೆದುಕೊಂಡು ಹೋದದ್ದು ಸಾರಥಿಯೇ. ನಜ್ಜುಗುಜ್ಜಾದ ಮುಂಭಾಗವನ್ನು ಆಕೆ ನೋಡಲೂ ಇಲ್ಲ. ಬಾಗಿಲು ತೆರೆದು, ಒಳಗೆ ಬಗ್ಗಿ, ಹಾಗೇ ನಿಂತರು. ಸೀಟು ಮುಂದೆ ತಂದದ್ದು ಯಾರು ಎಂದು ಕೇಳಿದರು. ನಾನೇ ಎಂದರು ಸಾರಥಿ. "ಅವರು ಕೂರ್ತಿದ್ದ ಹಾಗೇ ಇತ್ತು" ಎಂದರಂತೆ ಆಕೆ. ಸಿಟ್ಟಿಲ್ಲ, ದೂರಿಲ್ಲ, ಹೊರಗೆ ಮೋಡವಾಗಿದೆ ಎಂದಂತೆ ಅಂದರು.

"ಕೂಡ್ಲೇ ಹಿಂದಕ್ಕೆ ತಳ್ಳಿದೆ" ಎನ್ನುವಾಗ ಸಾರಥಿ ಕೈಯಲ್ಲಿರುವ ಯಾರದೋ ಕೀಲಿಯನ್ನು ನೋಡುತ್ತಾರೆ. "ಎಷ್ಟು ಹಿಂದೆ ಇತ್ತು ಅಂತ ನನಗೂ ನೆನಪಿಲ್ಲ, ಆಯಮ್ಮನಿಗೂ ಗೊತ್ತಿಲ್ಲ. ಕಟಕ್ ಕಟಕ್ ಅಂತ ಹಿಂದೆ ಮುಂದೆ ಮಾಡ್ತಾನೇ ಇದ್ದೆ. ಸಾಕು ಬಿಡಿ ಅಣ್ಣ, ಅಂದ್ರು."

ಬಂಪರಿಗೆ ವಿಮೆ ಇತ್ತು, ಕಾಲಿಗೆ ವಿಮೆ ಇತ್ತು. ಇದು ಯಾವ ಪಾಲಿಸಿಯ ಯಾವ ಪುಟದಲ್ಲೂ ಇರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಬೂದು ಕಾರಿನ ಮಗ ಹೊರಗೆ ಬರುತ್ತಾನೆ. ಅಪ್ಪ ಉಸಿರಾಡುತ್ತಿದ್ದಾರೆ, ಮಿಕ್ಕದ್ದು ಡಾಕ್ಟರು ನಾಳೆ ಹೇಳುತ್ತಾರಂತೆ. ಮನೆಗೆ ಹೋಗಿ ಅಪ್ಪನ ಕನ್ನಡಕ, ಒಂದು ಜೊತೆ ಬಟ್ಟೆ ತರಬೇಕು. ಕಾರು ಎಲ್ಲಿಟ್ಟೆ ಎಂಬುದೇ ಅವನಿಗೆ ನೆನಪಿಲ್ಲ. ತಾನು ಯಾರಿಗೋ ಹ್ಞೂಂ ಎಂದದ್ದೂ ನೆನಪಿಲ್ಲ. ಸಾರಥಿ ಅಂಗಳ ತೋರಿಸಿ ಕೀಲಿ ಕೊಡುತ್ತಾರೆ.

ನಿವೃತ್ತಿಯಾದ ಮೇಲೆ ಏನಾಸೆ ಎಂದರೆ, ಹೆಂಡತಿಯ ಜೊತೆ ಯಾವುದಾದರೂ ಕಾರಿನ ಹಿಂದಿನ ಸೀಟಿನಲ್ಲಿ ಕೂತು ಮೂರನೇ ಗೇರಿನಲ್ಲಿ ಎಲ್ಲಿಗಾದರೂ ಹೋಗಬೇಕಂತೆ. ಆಸ್ಪತ್ರೆಗೆ ಮಾತ್ರ ಬೇಡ.

ಅಂಗಳದಲ್ಲಿ ಮಗ ಕಾರು ಹತ್ತಿ ಕೂರುತ್ತಾನೆ. ಬೆನ್ನು ತನ್ನ ಜಾಗಕ್ಕೆ ತಾನೇ ಹೋಗಿ ಒರಗುತ್ತದೆ, ಕಾಲು ತಡಕದೆ ಪೆಡಲು ಮುಟ್ಟುತ್ತದೆ, ಕಣ್ಣು ಕನ್ನಡಿಯನ್ನು ಹುಡುಕುವುದಿಲ್ಲ. ಒಮ್ಮೆಯೂ ತಿರುಗಿ ನೋಡದೆ ಗೇಟು ದಾಟಿ ಹೋಗುತ್ತಾನೆ. ಸಾರಥಿ ದಿಂಬಿನ ಧೂಳು ಕೊಡವಿ ಕಂಕುಳಿಗೆ ಸಿಕ್ಕಿಸಿಕೊಳ್ಳುತ್ತಾರೆ.

"ನೋಡಿದ್ರಾ, ಗೊತ್ತೇ ಆಗ್ಲಿಲ್ಲ ಅವ್ರಿಗೆ, ನಾನು ಕೂತಿದ್ದು" ಎನ್ನುತ್ತಾರೆ.