ಕುರ್ಚಿಯ ಹೊಟ್ಟೆಯಲ್ಲಿ ಸಿಕ್ಕಿದ್ದು

ಸೋಫಾ ರಿಪೇರಿಯವನಿಗೆ ಬೀದಿಯವರು ಇಟ್ಟ ಹೆಸರು ಮೊಳೆಬಾಯಿ. ಪುಟ್ಟ ಮೊಳೆಗಳನ್ನು ಒಂದು ಹಿಡಿ ಬಾಯಿಗೆ ಹಾಕಿಕೊಂಡು, ನಾಲಿಗೆಯಿಂದ ಒಂದೊಂದನ್ನೇ ತುಟಿಗೆ ತಂದು, ಬಟ್ಟೆಗೆ ಹೊಡೆಯುವುದು ಅವನ ಕಸುಬಿನ ರೀತಿ. ಮೊಳೆ ಖಾಲಿಯಾಯಿತೋ, ಮಾತು ಶುರು. “ಬಾಯಲ್ಲಿ ಕಬ್ಬಿಣ ಇದ್ದಷ್ಟು ಹೊತ್ತೇ ನಂಗೆ ನೆಮ್ಮದಿ” ಎಂದು ಹೆಂಡತಿ ಎಲ್ಲರೆದುರೇ ಹೇಳುತ್ತಿದ್ದಳು. ಅವನೂ ನಗುತ್ತಿದ್ದ.

ಹಳೆಯ ಕುರ್ಚಿಯ ಹೊಟ್ಟೆ ಸೀಳಿದರೆ ಏನಾದರೂ ಸಿಕ್ಕೇ ಸಿಗುತ್ತದೆ: ಬಾಚಣಿಗೆ, ಗುಂಡಿ, ಬೀಗದ ಕೈ. ಸಿಕ್ಕಿದ್ದನ್ನು ಆ ಮನೆಗೇ ಹೋಗಿ ಮನೆಯವರ ಕೈಗೇ ಕೊಡಬೇಕೆಂಬುದು ಕೆಲಸ ಕಲಿಸಿದ ಮಾವನ ಕಟ್ಟಪ್ಪಣೆ. ಕೊಡುವಾಗ ಅವರ ಮುಖ ಅರಳುವುದನ್ನು ನೋಡುವುದೆಂದರೆ ಮೊಳೆಬಾಯಿಗೆ ಕೂಲಿಗಿಂತ ಹೆಚ್ಚು.

ಆ ಬೆಳಿಗ್ಗೆ ಬಿಚ್ಚಿದ್ದು ಈಚೆಗೆ ತೀರಿಕೊಂಡ ಮೆಕ್ಯಾನಿಕ್ಕನ ಒರಗುಕುರ್ಚಿ. ಮಗಳು ಕಳಿಸಿದ್ದಳು, ಗುರುತೇ ಸಿಗದ ಹಾಗೆ ಬದಲಾಯಿಸಿಕೊಡಿ ಎಂದಿದ್ದಳು. ಆ ಮನುಷ್ಯನನ್ನು ಎಲ್ಲರೂ ಬಲ್ಲರು. ಬಾನೆಟ್ ಎತ್ತುವ ಮೊದಲೇ ಇಂಜಿನ್ನಿನ ಸದ್ದು ಕೇಳಿ ಕಾಯಿಲೆ ಹೇಳುತ್ತಿದ್ದ ಆಸಾಮಿ. ಕೊನೆಯ ವರ್ಷ ಮಾತ್ರ ಕಿಟಕಿಗೆ ಮುಖ ಮಾಡಿ ಕೂತವನು ಮಗಳು ಕರೆದರೂ ತಿರುಗಲಿಲ್ಲವಂತೆ. ಜಾಣಗಿವುಡು ಎಂದು ಬೀದಿ ತೀರ್ಪು ಕೊಟ್ಟಿತ್ತು. ಬೀದಿಗೇನು, ತೀರ್ಪು ಪುಕ್ಕಟೆ.

ಸ್ಪ್ರಿಂಗುಗಳ ನಡುವಿನ ನಾರಿನಲ್ಲಿ ಕಡಲೆಕಾಳಿನಷ್ಟು ಏನೋ ಬೆರಳಿಗೆ ತಗುಲಿತು. ಕಿವಿಯೊಳಗೆ ಅಡಗಿ ಕೂರುವ ಶ್ರವಣಯಂತ್ರ. ಅವನ ಭಾವನ ಕಿವಿಯಲ್ಲೂ ಅಂಥದೇ ಇದ್ದುದರಿಂದ ತಕ್ಷಣ ಗುರುತು ಹಿಡಿದ. ಅಪ್ಪನ ನೆನಪಿಗೆ ಒಂದು ವಸ್ತು ಸಿಕ್ಕಿತಲ್ಲ, ಪಾಪ, ಮಗಳಿಗೆ ಎಷ್ಟು ಖುಷಿಯಾದೀತು ಎಂದುಕೊಂಡು ಅದನ್ನು ಅಂಗಿಗೆ ಒರೆಸಿ, ಸುತ್ತಿಗೆ ಬಿಟ್ಟು ಹೊರಟೇಬಿಟ್ಟ. ಜಾಣಗಿವುಡಿನ ಮಾತು ಅವನಿಗೆ ಹೊಳೆಯಲೇ ಇಲ್ಲ. ಖುಷಿಯ ಆತುರದಲ್ಲಿ ಬುದ್ಧಿ ಹಿಂದೆ ಬೀಳುತ್ತದೆ.

“ಇದು ನಮ್ಮದಲ್ಲ” ಎಂದಳು ಮಗಳು, ಬಾಗಿಲಲ್ಲೇ. “ಅಪ್ಪನ ಕಿವಿ ಚೆನ್ನಾಗೇ ಇತ್ತು.”

ಒಳಗೆ ಬಟ್ಟೆ ಮಡಿಸುತ್ತಿದ್ದ ಸೋದರತ್ತೆ ಎದ್ದು ಬಂದಳು. ಬೇರೆ ಊರಲ್ಲಿದ್ದು ಆಗೀಗ ಬಂದು ಹೋಗುವವಳು. ಕೈಗೆತ್ತಿಕೊಂಡು ನೋಡಿದಳು.

“ಅವನದೇ ಕಣೆ. ನಿಮ್ಮಮ್ಮ ಇದ್ದಾಗ ನಾವಿಬ್ರೂ ಕರ್ಕೊಂಡು ಹೋಗಿ ಹಾಕಿಸಿದ್ವಿ. ಯಾರಿಗೂ ಹೇಳಬಾರ್ದು ಅಂತ ಆಣೆ ಹಾಕಿಸ್ಕೊಂಡಿದ್ದ. ಕಿವಿ ಹೋದ ಮೆಕ್ಯಾನಿಕ್ ಹತ್ರ ಯಾರು ಗಾಡಿ ತರ್ತಾರೆ ಅಂತಿದ್ದ. ಕಳ್ಕೊಂಡೆ ಅಂತ ನಂಗೂ ಹೇಳ್ಲಿಲ್ಲವಲ್ಲ, ಮಹರಾಯ.”

ಮೊಳೆಬಾಯಿಯೇ ಸ್ಟೂಲು ಎಳೆದು ಮಗಳನ್ನು ಕೂರಿಸಿದ.

“ಯಾವಾಗ ಬಿದ್ದಿರಬಹುದು?” ಎಂದಳು ಅವಳು.

“ತುಂಬಾ ಆಳದಲ್ಲಿತ್ತಮ್ಮ. ಮೇಲೆ ಧೂಳು ಗಟ್ಟಿಯಾಗಿತ್ತು. ವರ್ಷವಾದ್ರೂ ಆಗಿರ್ಬೇಕು.”

ಆಗ ಅವಳು ಎಲ್ಲವನ್ನೂ ಹೇಳಿದಳು. ಅಪ್ಪನನ್ನು ಕೇಳದೆ ಗ್ಯಾರೇಜನ್ನು ಬೇರೆಯವರಿಗೆ ವಹಿಸಿದ್ದಳು, ದೊಡ್ಡ ಜಗಳವಾಗಿತ್ತು. ಆಮೇಲೆ ಅಪ್ಪನ ಮುಖ ನೋಡುವ ಧೈರ್ಯವೇ ಇರಲಿಲ್ಲ. ತಟ್ಟೆಯನ್ನು ಪಕ್ಕದಲ್ಲಿಟ್ಟು ತಲೆ ತಗ್ಗಿಸಿ ಬರುತ್ತಿದ್ದಳು. ಸಂಜೆಯಾದರೆ ಕುರ್ಚಿಯ ಹಿಂದೆ ನಿಂತು, ತಪ್ಪಾಯ್ತಪ್ಪ ಎನ್ನುತ್ತಿದ್ದಳು. ಅಪ್ಪ ಕಿಟಕಿಯನ್ನೇ ನೋಡುತ್ತಿದ್ದ. ಎಷ್ಟೋ ಸಂಜೆ ಹಾಗೆ ಹೇಳಿ, ಕೊನೆಗೆ ರೋಸಿಹೋಗಿ, ನೀನು ಇದ್ದರೂ ಒಂದೇ ಸತ್ತರೂ ಒಂದೇ ಎಂದು ಅಲ್ಲೇ ನಿಂತು ಅಂದುಬಿಟ್ಟಿದ್ದಳು. ಆ ಮಾತಿನಿಂದಲೇ ಅಪ್ಪ ಕೊರಗಿ ಹೋದ ಎಂದು ನಂಬಿದ್ದಳು. ಮಾತು ಆಡಿದರೆ ಹೋಯಿತು ಅನ್ನುತ್ತಾರೆ. ಇಲ್ಲಿ ಆಡಿದ ಮಾತು ಎಲ್ಲಿಗೂ ಹೋಗಿರಲಿಲ್ಲ.

“ಹಾಗಾದ್ರೆ ಆ ಮಾತು ಅಪ್ಪಂಗೆ ಕೇಳಿಲ್ಲ” ಎಂದಳು. ಹಗುರಾಗಿ ಉಸಿರು ಬಿಟ್ಟಳು. ಮರುಕ್ಷಣ ಅವಳ ಮುಖ ಬಿಳಿಚಿಕೊಂಡಿತು. “ತಪ್ಪಾಯ್ತು ಅಂದಿದ್ದೂ ಕೇಳಿಲ್ಲ.”

ಸೋದರತ್ತೆ ಸೆರಗಿನಿಂದ ಮೂಗು ಒರೆಸಿಕೊಂಡಳು. “ಒಂದ್ಸಲ ನನ್ನ ಕೇಳಿದ್ದ. ಮಗಳು ಮಾತೇ ಬಿಟ್ಟಿದ್ದಾಳೆ, ಇನ್ನೂ ಸಿಟ್ಟು ಹೋಗಿಲ್ವಾ ಅಂತ. ನೀನೇ ಮೊದಲು ಮಾತಾಡ್ಸು ಅಂದೆ. ಸುಮ್ನೆ ತಲೆ ಆಡಿಸ್ದ. ನಾನಂದಿದ್ದೂ ಕೇಳಿಸಿರ್ಲಿಲ್ವೇನೋ.”

ಅರಳುವ ಮುಖ ನೋಡಲು ಬಂದವನಿಗೆ ನಿಲ್ಲಲೂ ಆಗಲಿಲ್ಲ, ಹೋಗಲೂ ಆಗಲಿಲ್ಲ.

“ಕುರ್ಚಿ ಮುಂದೆ ಬಂದು ನಿಂತಿದ್ರೆ ಸಾಕಾಗಿತ್ತು, ಅಲ್ವಾ?”

ಮಗಳು ಕೇಳಿದ್ದು ಮೊಳೆಬಾಯಿಯನ್ನು. ಬಾಯಲ್ಲಿ ಒಂದೂ ಮೊಳೆ ಇರಲಿಲ್ಲ. ಆದರೂ ಅವನಿಂದ ಮಾತು ಹೊರಡಲಿಲ್ಲ.